ಹೂಳಿನಲ್ಲಿ ಹುದುಗಿದ ಪ್ಲಾಸ್ಟಿಕ್ಕು

ಬಿತ್ತನೆಯ ಬತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವ ಕ್ರಮವನ್ನು ನಮ್ಮ ರೈತರು ಬಲ್ಲರು. ಬರಿಯ ನೀರಿನಲ್ಲಾದರೆ ಅರ್ಧ ತುಂಬಿದ ಕಾಳೂ ಮುಳುಗಿಬಿಡುತ್ತದೆ. ನೀರಿಗೆ ಉಪ್ಪನ್ನು ಕೂಡಿಸುತ್ತ ಹೋಗಿ, ಕೋಳಿಮೊಟ್ಟೆ ತೇಲುವಷ್ಟು ಗಾಢವಾದ ಮೇಲೆ ಬತ್ತವನ್ನು ಸುರಿದರೆ, ಹುರುಳಿಲ್ಲದ ಕಾಳೆಲ್ಲ ಮೇಲಕ್ಕೆ ಬಂದು ಗಟ್ಟಿಕಾಳು ಮಾತ್ರ ತಳದಲ್ಲಿ ನಿಲ್ಲುತ್ತದೆ. ಕಾಳು ಬದಲಾಗಲಿಲ್ಲ, ಬದಲಾದದ್ದು ನೀರಿನ ಭಾರ. ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪದೇ ಪದೇ ಕಾಣಬರುವ ಒಂದು ಸುದ್ದಿಯನ್ನು ತಕ್ಕಮಟ್ಟಿಗೆ ಒರೆಹಚ್ಚಿ ನೋಡುವ ಶಕ್ತಿ ನಿಮಗೆ ಬರುತ್ತದೆ. ಇಂಥ ಹೊಳೆಯ ಹೂಳಿನಲ್ಲಿ, ಇಂಥ ಕಡಲ ತೀರದ ಮರಳಿನಲ್ಲಿ, ಕಿಲೋಗ್ರಾಮಿಗೆ ಇಷ್ಟು ಪ್ಲಾಸ್ಟಿಕ್ ಕಣಗಳು ಸಿಕ್ಕವು ಎಂಬುದೇ ಆ ಸುದ್ದಿ. ಅಷ್ಟು ಮರಳಿನಿಂದ ಅಷ್ಟು ಸಣ್ಣ ಕಣಗಳನ್ನು ಬೇರ್ಪಡಿಸಿದ್ದು ಹೇಗೆ? ಸಿಕ್ಕಿದ್ದು ಪೂರ್ತಿಯೋ, ಅರ್ಧವೋ? ಇದನ್ನು ತಿಳಿಯದೆ ಆ ಸಂಖ್ಯೆಯನ್ನು ನಂಬುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರನ್ನು ವಿಜ್ಞಾನಿಗಳು ಮೈಕ್ರೋಪ್ಲಾಸ್ಟಿಕ್ ಎಂದು ಕರೆಯುತ್ತಾರೆ. ನಾವು ಸೂಕ್ಷ್ಮ ಪ್ಲಾಸ್ಟಿಕ್ಕು ಎನ್ನೋಣ. ದೊಡ್ಡದೆಂದರೆ ಒಂದು ಕಡಲೆಬೇಳೆಯಷ್ಟು. ಚಿಕ್ಕದು ಕಣ್ಣಿಗೂ ಕಾಣದಷ್ಟು. ಇವುಗಳಲ್ಲಿ ಕೆಲವು ಕಾರ್ಖಾನೆಗಳಲ್ಲಿಯೇ ಸಣ್ಣ ಕಾಳುಗಳಾಗಿ ತಯಾರಾದವು. ಹೆಚ್ಚಿನವು ಮಾತ್ರ ನಾವು ಎಸೆದ ಚೀಲ, ಸೀಸೆ, ಹಗ್ಗ, ಬಲೆಗಳು ಬಿಸಿಲಿಗೆ ಪೆಡಸಾಗಿ, ಅಲೆಗೆ ಸವೆದು, ಪುಡಿಯಾದವು. ಪಾಲಿಯೆಸ್ಟರ್ ಬಟ್ಟೆಯನ್ನು ಒಗೆದಾಗ ಉದುರುವ ಎಳೆಗಳೂ, ವಾಹನದ ಟೈರು ರಸ್ತೆಯಲ್ಲಿ ತೇದಾಗ ಬೀಳುವ ಕಣಗಳೂ ಇವುಗಳ ಜೊತೆಗೆ ಸೇರುತ್ತವೆ.

ಈ ವಿಷಯ ಲೋಕದ ಗಮನಕ್ಕೆ ಬಂದದ್ದು ಮುಖ್ಯವಾಗಿ ೨೦೦೪ರಲ್ಲಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಮ್ಸನ್ ಮತ್ತು ಅವರ ಸಂಗಡಿಗರು ಆ ಊರಿನ ಸುತ್ತಣ ಕಡಲ ತೀರ ಮತ್ತು ಅಳಿವೆಗಳ ಮರಳನ್ನೂ ಕೆಸರನ್ನೂ ತಂದು ಗಾಢವಾದ ಉಪ್ಪುನೀರಿನಲ್ಲಿ ಕಲಕಿ, ತೇಲಿಬಂದುದನ್ನು ಪರೀಕ್ಷಿಸಿದರು. ಸ್ವಾಭಾವಿಕವಲ್ಲವೆಂದು ತೋರಿದ ಕಣಗಳನ್ನು ಉಪಕರಣದ ಸಹಾಯದಿಂದ ಗುರುತಿಸಿದಾಗ ಒಂಬತ್ತು ಬಗೆಯ ಪ್ಲಾಸ್ಟಿಕ್ಕುಗಳು ಕಂಡುಬಂದವು. ಬಹುಪಾಲು ಕಣಗಳು ಬಣ್ಣಬಣ್ಣದ ನವುರಾದ ಎಳೆಗಳು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಉತ್ತರ ಸಮುದ್ರದ ಕಡೆ ಹಡಗುಗಳು ವರ್ಷವರ್ಷವೂ ಹಿಡಿದು ಕಾಪಿಟ್ಟಿದ್ದ ತೇಲುಜೀವಿಗಳ ಹಳೆಯ ಮಾದರಿಗಳನ್ನೂ ಹುಡುಕಿದರು. ೧೯೬೦ರ ದಶಕದ ಮಾದರಿಗಳಲ್ಲಿಯೇ ಪ್ಲಾಸ್ಟಿಕ್ ಎಳೆಗಳಿದ್ದವು. ಮುಂದಿನ ದಶಕಗಳಲ್ಲಿ ಅವು ಹೆಚ್ಚಿದ್ದವು. ಇಷ್ಟೆಲ್ಲ ತಿಳಿದದ್ದು ಬತ್ತದ ಜೊಳ್ಳು ತೆಗೆಯುವ ತತ್ತ್ವದಿಂದಲೇ. ಇಲ್ಲಿ ಒಂದೇ ವ್ಯತ್ಯಾಸ: ರೈತನಿಗೆ ತಳದಲ್ಲಿ ಉಳಿದದ್ದು ಬೇಕು, ವಿಜ್ಞಾನಿಗೆ ಮೇಲೆ ತೇಲಿದ್ದು ಬೇಕು.

ನೀರಿನಲ್ಲಿ ಹುಡುಕದೆ ಹೂಳಿನಲ್ಲಿ ಹುಡುಕುವುದೇಕೆ ಎಂದು ನೀವು ಕೇಳಬಹುದು. ನೀರು ಹರಿದುಹೋಗುತ್ತದೆ, ಹೂಳು ನಿಲ್ಲುತ್ತದೆ. ಇಂದು ತೇಲುವ ಚೂರಿನ ಮೇಲೆ ನಾಳೆ ಪಾಚಿ ಕಟ್ಟುತ್ತದೆ, ಮಣ್ಣಿನ ಕಣಗಳು ಅಂಟುತ್ತವೆ. ಕಡೆಗೆ ಅದೂ ಭಾರವಾಗಿ ತಳ ಸೇರುತ್ತದೆ. ಆದ್ದರಿಂದ ಹೊಳೆಯ ಅಡಿ, ಕೆರೆಯ ಅಡಿ, ಅಳಿವೆಯ ಅಡಿ ಇವು ನಮ್ಮ ಬಳಕೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಡುವ ಕಡತಗಳೆನ್ನಬಹುದು. ಕಪ್ಪೆಚಿಪ್ಪಿನ ಹುಳು, ಕೆಸರಿನ ಹುಳು, ಏಡಿ, ಸಿಗಡಿ ಇವೆಲ್ಲ ಬದುಕುವುದೂ ಅಲ್ಲಿಯೇ. ಕೆಸರನ್ನು ನುಂಗಿಯೋ ನೀರನ್ನು ಸೋಸಿಯೋ ಹೊಟ್ಟೆ ಹೊರೆಯುವ ಈ ಜೀವಿಗಳು ಆಹಾರದೊಡನೆ ಈ ಕಣಗಳನ್ನೂ ನುಂಗುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಎಲ್ಲಿ ಎಷ್ಟಿದೆಯೆಂಬುದು ಸರಿಯಾಗಿ ತಿಳಿದಲ್ಲದೆ, ಯಾವ ಕೊಳಚೆಗಾಲುವೆಯನ್ನು ಮೊದಲು ಶುದ್ಧಿ ಮಾಡಬೇಕು, ಮಾಡಿದ ಮೇಲೆ ಗುಣ ಕಂಡಿತೆ ಇಲ್ಲವೆ ಎಂಬುದನ್ನು ಯಾರೂ ನಿಶ್ಚಯಿಸಲಾರರು.

ಇನ್ನು ಕೆಲಸದ ಕ್ರಮವನ್ನು ನೋಡೋಣ. ತೀರದ ಮೇಲೆ ಗೊತ್ತಾದ ಅಳತೆಯ ಒಂದು ಚೌಕಟ್ಟನ್ನಿಟ್ಟು, ಅದರೊಳಗಿನ ಮೇಲುಪದರದ ಕೆಲವು ಸೆಂಟಿಮೀಟರು ಮರಳನ್ನು ಲೋಹದ ಸೌಟಿನಿಂದ ತೆಗೆದು ಗಾಜಿನ ಭರಣಿಯಲ್ಲಿ ತುಂಬುತ್ತಾರೆ. ನೀರಿನ ಅಡಿಯ ಹೂಳನ್ನಾದರೆ, ಇಕ್ಕುಳದಂತೆ ಬಾಯಿ ಮುಚ್ಚಿಕೊಳ್ಳುವ ಕಬ್ಬಿಣದ ಬಾನಿಯನ್ನು ಇಳಿಬಿಟ್ಟು ಮೇಲೆತ್ತುತ್ತಾರೆ. ಪ್ಲಾಸ್ಟಿಕ್ ಚಮಚ, ಪ್ಲಾಸ್ಟಿಕ್ ಚೀಲ ಈ ಕೆಲಸಕ್ಕೆ ನಿಷಿದ್ಧವೆಂದು ಬೇರೆ ಹೇಳಬೇಕಾಗಿಲ್ಲ. ಪ್ರಯೋಗಶಾಲೆಗೆ ಬಂದ ಹೂಳನ್ನು ಹದವಾದ ಬಿಸಿಯಲ್ಲಿ, ಸಾಮಾನ್ಯವಾಗಿ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರದಂತೆ, ಒಣಗಿಸುತ್ತಾರೆ. ಬಿಸಿ ಹೆಚ್ಚಿದರೆ ಕೆಲವು ಪ್ಲಾಸ್ಟಿಕ್ಕುಗಳು ಮೆತ್ತಗಾಗಿ ರೂಪ ಕೆಡುತ್ತವೆ. ಒಣಗಿದ್ದನ್ನು ತೂಗಿ, ಐದು ಮಿಲಿಮೀಟರಿನ ಕಣ್ಣುಳ್ಳ ಜರಡಿಯಲ್ಲಿ ಹಿಡಿದು, ಕಲ್ಲು ಕಡ್ಡಿಗಳನ್ನು ಬೇರೆಮಾಡುತ್ತಾರೆ. ಇಷ್ಟಾದ ಮೇಲೆ ತೇಲಿಸುವ ಕೆಲಸ.

ತೇಲುವುದೂ ಮುಳುಗುವುದೂ ಸಾಂದ್ರತೆಯನ್ನು ಅವಲಂಬಿಸಿವೆ. ಸಾಂದ್ರತೆಯೆಂದರೆ ಒಂದು ಘನ ಸೆಂಟಿಮೀಟರು ಪದಾರ್ಥ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಶುದ್ಧವಾದ ನೀರು ೧ ಗ್ರಾಂ. ಮರಳಿನ ಮುಖ್ಯ ಖನಿಜವಾದ ಬೆಣಚು ೨.೬೫. ಹಾಲಿನ ಪೊಟ್ಟಣದ ಪಾಲಿಥೀನು ೦.೯೧ರಿಂದ ೦.೯೭, ಹಗ್ಗ, ಡಬ್ಬಿಗಳ ಪಾಲಿಪ್ರೊಪಿಲೀನು ಸುಮಾರು ೦.೯೦. ಇವೆರಡೂ ಬರಿಯ ನೀರಿನಲ್ಲಿಯೇ ತೇಲುತ್ತವೆ. ಪಾಲಿಸ್ಟೈರೀನು ೧.೦೫ರ ಹತ್ತಿರ, ನೈಲಾನು ೧.೧೪ರ ಹತ್ತಿರ; ಇವು ನೀರಿನಲ್ಲಿ ಮುಳುಗುತ್ತವೆ. ಅಡಿಗೆಯ ಉಪ್ಪನ್ನು ಇನ್ನು ಕರಗದು ಎನ್ನುವಷ್ಟು, ಎಂದರೆ ಲೀಟರು ನೀರಿಗೆ ಸುಮಾರು ೩೬೦ ಗ್ರಾಂ, ಕರಗಿಸಿದರೆ ಆ ದ್ರಾವಣದ ಸಾಂದ್ರತೆ ೧.೨ಕ್ಕೆ ಏರುತ್ತದೆ. ಆಗ ಪಾಲಿಸ್ಟೈರೀನೂ ನೈಲಾನೂ ಮೇಲೆ ಬರುತ್ತವೆ. ಆದರೆ ಕುಡಿಯುವ ನೀರಿನ ಸೀಸೆಗೂ ಪಾಲಿಯೆಸ್ಟರ್ ಬಟ್ಟೆಗೂ ಮೂಲವಾದ ಪೆಟ್ ಎಂಬ ಪ್ಲಾಸ್ಟಿಕ್ಕು ೧.೩೮, ನೀರಿನ ಕೊಳವೆಗಳ ಪಿ.ವಿ.ಸಿ. ಸುಮಾರು ೧.೩ರಿಂದ ೧.೪೫. ಇವುಗಳನ್ನು ಮೇಲೆತ್ತುವ ಬಲ ಅಡಿಗೆಯ ಉಪ್ಪಿಗೆ ಇಲ್ಲ.

ಇದನ್ನು ನೀವು ಮನೆಯಲ್ಲಿಯೇ ನೋಡಬಹುದು. ಖಾಲಿಯಾದ ನೀರಿನ ಸೀಸೆಯೊಂದನ್ನು ತೆಗೆದುಕೊಂಡು, ಅದರ ಮೈಯಿಂದ ಒಂದು ಚೂರು, ಮುಚ್ಚಳದಿಂದ ಒಂದು ಚೂರು ಕತ್ತರಿಸಿಕೊಳ್ಳಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ನೈಲಾನ್ ಕೂದಲನ್ನೂ ಕತ್ತರಿಸಿಕೊಳ್ಳಿ. ಎಲ್ಲವನ್ನೂ ಒಂದು ಲೋಟ ನೀರಿಗೆ ಹಾಕಿ, ಗುಳ್ಳೆ ಅಂಟಿರದಂತೆ ಬೆರಳಿನಿಂದ ಅದುಮಿ ಬಿಡಿ. ಮುಚ್ಚಳದ ಚೂರು ತೇಲುತ್ತದೆ. ಸೀಸೆಯ ಚೂರೂ ಕೂದಲೂ ಮುಳುಗುತ್ತವೆ. ಈಗ ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿಯುವ ತನಕ ಉಪ್ಪು ಹಾಕಿ ಕಲಕಿ. ಕೂದಲು ಮೇಲಕ್ಕೆ ಬರುತ್ತದೆ. ಸೀಸೆಯ ಚೂರು ಮಾತ್ರ ಜಗ್ಗುವುದಿಲ್ಲ. ಒಂದೇ ಸೀಸೆ, ಒಂದೇ ಅಂಗಡಿ, ಒಂದೇ ಕೈ ಎಸೆದದ್ದು. ಆದರೂ ಉಪ್ಪುನೀರಿನ ಪರೀಕ್ಷೆಯಲ್ಲಿ ಮುಚ್ಚಳ ಲೆಕ್ಕಕ್ಕೆ ಸಿಕ್ಕಿತು, ಸೀಸೆ ಸಿಗಲಿಲ್ಲ.

ಇದರ ಪರಿಣಾಮವನ್ನು ಯೋಚಿಸಿ ನೋಡಿ. ಒಂದು ಹಿಡಿ ಹೂಳಿನಲ್ಲಿ ನೂರು ಕಣಗಳಿವೆಯೆಂದೂ, ಅವುಗಳಲ್ಲಿ ಮೂವತ್ತು ಪೆಟ್ ಮತ್ತು ಪಿ.ವಿ.ಸಿ. ಎಂದೂ ಊಹಿಸಿಕೊಳ್ಳೋಣ. ಅಡಿಗೆಯ ಉಪ್ಪನ್ನು ಬಳಸಿದವರಿಗೆ ಸಿಕ್ಕುವುದು ಹೆಚ್ಚೆಂದರೆ ಎಪ್ಪತ್ತರ ಆಸುಪಾಸು. ನವುರಾದ ಎಳೆ ಗುಳ್ಳೆಗೆ ಅಂಟಿಕೊಂಡು ಅಕಸ್ಮಾತ್ತಾಗಿ ಮೇಲೆ ಬರುವುದುಂಟು. ಅದನ್ನು ನಂಬಿ ಲೆಕ್ಕ ಕಟ್ಟುವಂತಿಲ್ಲ. ನೂರರಲ್ಲಿ ಎಪ್ಪತ್ತು ಎಂದು ಗೊತ್ತಿದ್ದರೆ ಸರಿಪಡಿಸಿಕೊಳ್ಳಬಹುದು. ಆದರೆ ಒಂದು ಹೊಳೆಯಲ್ಲಿ ಚೀಲಗಳು ಹೆಚ್ಚು, ಇನ್ನೊಂದರಲ್ಲಿ ಬಟ್ಟೆಯ ಎಳೆಗಳು ಹೆಚ್ಚು ಇರುತ್ತವೆ. ಬಟ್ಟೆಯ ಊರಿನ ಹೊಳೆ ಚೀಲದ ಊರಿನ ಹೊಳೆಗಿಂತ ನಿರ್ಮಲವೆಂದು ಆಗ ಸುಳ್ಳೇ ತೋರುತ್ತದೆ.

ಹಾಗಾದರೆ ಇನ್ನೂ ಭಾರವಾದ ದ್ರಾವಣವನ್ನು ಬಳಸಬಾರದೆ? ಬಳಸುತ್ತಾರೆ. ಅತ್ಯಂತ ಭಾರದ ಸಾಮಾನ್ಯ ಪ್ಲಾಸ್ಟಿಕ್ಕು ೧.೪೫ರ ಹತ್ತಿರ, ಮರಳು ೨.೬೫. ನಡುವೆ ಬೇಕಾದಷ್ಟು ಎಡೆಯಿದೆ. ೧.೫ರಿಂದ ೧.೮ರೊಳಗಿನ ದ್ರಾವಣವೊಂದು ಸಿಕ್ಕರೆ ಎಲ್ಲ ಪ್ಲಾಸ್ಟಿಕ್ಕೂ ಮೇಲೆ, ಎಲ್ಲ ಮರಳೂ ಕೆಳಗೆ. ಸತುವಿನ ಕ್ಲೋರೈಡು ಮತ್ತು ಸೋಡಿಯಂ ಅಯೊಡೈಡು ಎಂಬ ಲವಣಗಳಿಂದ ಇಂಥ ದ್ರಾವಣಗಳಾಗುತ್ತವೆ. ಆದರೆ ಒಂದೊಂದಕ್ಕೂ ಒಂದೊಂದು ತೊಡಕು. ಸತುವಿನ ಕ್ಲೋರೈಡು ಚರ್ಮವನ್ನು ಸುಡುತ್ತದೆ, ಲೋಹವನ್ನು ತಿನ್ನುತ್ತದೆ. ಚರಂಡಿಗೆ ಸುರಿದರೆ ನೀರಿನ ಜೀವಿಗಳಿಗೆ ವಿಷ. ಹೊಳೆಯನ್ನು ಉಳಿಸಲು ಹೊರಟವರು ಹೊಳೆಗೆ ವಿಷ ಹಾಕುವಂತಾಗಬಾರದಷ್ಟೆ. ಸೋಡಿಯಂ ಅಯೊಡೈಡು ಅಷ್ಟು ಅಪಾಯದ್ದಲ್ಲ. ಆದರೆ ಬೆಲೆ ಬಹಳ. ಆದ್ದರಿಂದ ಇವುಗಳನ್ನು ಸೋಸಿ ಸೋಸಿ ಮತ್ತೆ ಮತ್ತೆ ಬಳಸುತ್ತಾರೆ. ಅಡಿಗೆಯ ಉಪ್ಪಾದರೋ ಅಗ್ಗ, ನಿರಪಾಯ, ಎಲ್ಲಿ ಬೇಕೆಂದರಲ್ಲಿ ಸಿಕ್ಕುತ್ತದೆ. ಹಣವಿಲ್ಲದ ಪ್ರಯೋಗಶಾಲೆಗಳು ಅದನ್ನೇ ಹಿಡಿದರೆ ತಪ್ಪೆನ್ನಲಾಗದು. ಹಿಡಿದದ್ದನ್ನು ಮರೆಮಾಚದೆ ಹೇಳಬೇಕು, ಅಷ್ಟೆ.

ದ್ರಾವಣ ಸಿದ್ಧವಾದರೆ ಕೆಲಸ ಮುಗಿದಂತಲ್ಲ. ಹೂಳನ್ನು ಅದರಲ್ಲಿ ಕೆಲವು ನಿಮಿಷ ಚೆನ್ನಾಗಿ ಕಲಕಿ, ಮುಚ್ಚಿಟ್ಟು, ತಿಳಿಯಾಗಲು ಬಿಡಬೇಕು. ಎಷ್ಟು ಹೊತ್ತು? ದಪ್ಪ ಮರಳು ಕ್ಷಣದಲ್ಲಿ ಕೂಡುತ್ತದೆ. ನುಣ್ಣನೆಯ ಜೇಡಿ ಗಂಟೆಗಟ್ಟಲೆ ನೀರಿನಲ್ಲಿಯೇ ತೂಗಾಡುತ್ತದೆ. ಸಣ್ಣ ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬ ನಿಯಮವನ್ನು ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞ ೧೮೫೧ರಲ್ಲಿಯೇ ಹೇಳಿದ್ದನು. ಕಣದ ಅಗಲ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದಾಗುತ್ತದೆ. ಮೇಲೇರುವ ಪ್ಲಾಸ್ಟಿಕ್ಕಿಗೂ ಇದೇ ನಿಯಮ. ಅವಸರ ಮಾಡಿದರೆ ಅತಿ ಸಣ್ಣ ಕಣಗಳೇ ತಪ್ಪಿಹೋಗುತ್ತವೆ. ಅದಕ್ಕಾಗಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡುವುದುಂಟು. ಜೇಡಿಯ ಹೆಂಟೆಯೊಳಗೆ ಸಿಕ್ಕಿಕೊಂಡ ಕಣ ಒಂದೇ ಸಲಕ್ಕೆ ಬಿಡುಗಡೆಯಾಗುವುದಿಲ್ಲ. ಆದಕಾರಣ ತಳದ ಹೂಳನ್ನು ಹೊಸ ದ್ರಾವಣದಲ್ಲಿ ಎರಡನೆಯ, ಮೂರನೆಯ ಬಾರಿ ಕಲಕಬೇಕಾಗುತ್ತದೆ.

ತೇಲಿದ್ದನ್ನು ಬಗ್ಗಿಸಿಕೊಳ್ಳುವಾಗ ಇನ್ನೊಂದು ತೊಂದರೆ. ಅಕ್ಕಿ ಗಾಳಿಸುವಾಗ ಕೈ ತುಸು ಹೆಚ್ಚು ವಾಲಿದರೆ ಕಲ್ಲೂ ಬರುತ್ತದೆ, ಕಡಿಮೆ ವಾಲಿದರೆ ಅಕ್ಕಿ ಉಳಿಯುತ್ತದೆ ಎಂಬುದನ್ನು ಗೃಹಿಣಿಯರು ಬಲ್ಲರು. ಪ್ರಯೋಗಶಾಲೆಯಲ್ಲೂ ಇದೇ ಪೇಚು. ಪಾತ್ರೆಯ ಅಂಚಿಗೆ ಅಂಟಿದ ಕಣವಂತೂ ಹೋದಂತೆಯೇ. ಇದಕ್ಕೆ ಪರಿಹಾರವಾಗಿ ಜರ್ಮನಿಯ ಸಂಶೋಧಕರು ೨೦೧೨ರಲ್ಲಿ ಎತ್ತರವಾದ ಉಕ್ಕಿನ ಕಂಬದಂಥ ಯಂತ್ರವೊಂದನ್ನು ಪ್ರಕಟಿಸಿದರು. ಅಡಿಯಲ್ಲಿ ಹೂಳು ತಿರುಗುತ್ತದೆ. ಪ್ಲಾಸ್ಟಿಕ್ಕು ಮೇಲಿನ ಕಿರಿದಾದ ಕೋಣೆಗೆ ಬಂದ ಮೇಲೆ ನಡುವಿನ ಕವಾಟವನ್ನು ಮುಚ್ಚುತ್ತಾರೆ. ೨೦೧೭ರಲ್ಲಿ ಪ್ಲಿಮತ್ತಿನವರು ಇದೇ ಯುಕ್ತಿಯನ್ನು ಕೈಯಲ್ಲಿ ಹಿಡಿದೊಯ್ಯಬಹುದಾದ ಒಂದು ಕೊಳವೆಗೆ ಇಳಿಸಿದರು: ಕೊಳವೆಯ ನಡುವೆ ಗುಂಡಿನ ಕವಾಟ, ಕಲಕು, ಕಾಯು, ಮುಚ್ಚು, ಮೇಲಿನದನ್ನು ತೊಳೆದುಕೊ. ೧.೫ ಸಾಂದ್ರತೆಯ ಸತುವಿನ ಕ್ಲೋರೈಡಿನಿಂದ ಅವರು ಬೆರೆಸಿದ್ದ ಕಣಗಳಲ್ಲಿ ಸರಾಸರಿ ನೂರಕ್ಕೆ ೯೫.೮ರಷ್ಟು ಮರಳಿ ದೊರೆತವು. ಆ ಕೊಳವೆಯೂ ಪಿ.ವಿ.ಸಿ.ಯದೇ ಎಂಬುದೊಂದು ವಿನೋದ.

ತೇಲಿಬಂದದ್ದೆಲ್ಲ ಪ್ಲಾಸ್ಟಿಕ್ಕಲ್ಲ. ಎಲೆಯ ಚೂರು, ಬೇರಿನ ನಾರು, ಹುಳುವಿನ ರೆಕ್ಕೆ, ಪಾಚಿ ಇವೂ ಹಗುರವೇ. ಇವನ್ನು ತೊಲಗಿಸಲು ಹೈಡ್ರೋಜನ್ ಪೆರಾಕ್ಸೈಡನ್ನು, ಅನೇಕ ವೇಳೆ ಸ್ವಲ್ಪ ಕಬ್ಬಿಣದ ಲವಣವನ್ನು ಸೇರಿಸಿ, ಹಾಕುತ್ತಾರೆ. ನೊರೆಯೆದ್ದು ಕುದಿದು ಸಸ್ಯದ ಅಂಶ ಕರಗಿಹೋಗುತ್ತದೆ. ಪ್ಲಾಸ್ಟಿಕ್ಕು ಬಹುಮಟ್ಟಿಗೆ ಉಳಿಯುತ್ತದೆ. ಇಲ್ಲಿಯೂ ಹದ ಬೇಕು. ಬಿಸಿ ಏರಿದರೆ ಕಣಗಳು ಕೆಡುತ್ತವೆ. ಪೆರಾಕ್ಸೈಡಿನ ಬದಲು ಬಲವಾದ ನೈಟ್ರಿಕ್ ಆಮ್ಲವನ್ನು ಹಾಕಿದರೆ ನೈಲಾನೇ ಕರಗುತ್ತದೆ. ಬಲವಾದ ಕ್ಷಾರವನ್ನು ಹಾಕಿದರೆ ಪಾಲಿಯೆಸ್ಟರಿಗೆ ಪೆಟ್ಟು. ಕಸವನ್ನು ಸುಡಹೋಗಿ ಸಾಕ್ಷ್ಯವನ್ನೇ ಸುಟ್ಟಂತಾಗುತ್ತದೆ.

ಉಳಿದದ್ದನ್ನು ಗಾಜಿನ ನಾರಿನ ಸೋಸುಕಾಗದದ ಮೇಲೆ ಸೋಸಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ನೀಲಿ ಎಳೆಯೊಂದು ಕಾಣುತ್ತದೆ. ಅದು ಪಾಲಿಯೆಸ್ಟರೋ, ಬಣ್ಣ ಹಾಕಿದ ಹತ್ತಿಯೋ? ಕಾಯಿಸಿದ ಸೂಜಿಯನ್ನು ಸೋಕಿಸಿದರೆ ಅನೇಕ ಪ್ಲಾಸ್ಟಿಕ್ಕುಗಳು ಮುದುಡಿ ಕರಗುತ್ತವೆ, ಹತ್ತಿ ಕರಗದು. ಆದರೆ ಬರಿಗಣ್ಣಿನ ತೀರ್ಪಿಗೆ ಮಿತಿಯುಂಟು. ಖಚಿತವಾದ ಗುರುತಿಗೆ ಎರಡು ಉಪಾಯಗಳಿವೆ. ಒಂದು, ಅವಕೆಂಪು ಕಿರಣಗಳನ್ನು ಹಾಯಿಸಿ ಕಣವು ಯಾವ ಯಾವ ಕಿರಣವನ್ನು ಹೀರಿಕೊಳ್ಳುತ್ತದೆಂದು ನೋಡುವುದು. ಇನ್ನೊಂದು, ಸರ್ ಸಿ. ವಿ. ರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮ. ೧೯೩೩ರಿಂದ ಬೆಂಗಳೂರಿನವರೇ ಆದ ಅವರ ಹೆಸರು ಇಂದು ಈ ಕೆಲಸ ನಡೆಯುವ ಎಷ್ಟೋ ಪ್ರಯೋಗಶಾಲೆಗಳಲ್ಲಿ ನಿತ್ಯದ ಮಾತು. ಒಂದೇ ಬಣ್ಣದ ಲೇಸರ್ ಬೆಳಕು ಕಣಕ್ಕೆ ತಾಗಿ ಚೆದರಿದಾಗ, ಅದರ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಳ್ಳುತ್ತದೆ. ಬದಲಾವಣೆಯ ಆ ಗೆರೆಗಳು ಒಂದೊಂದು ಪದಾರ್ಥಕ್ಕೂ ಹೆಬ್ಬೆಟ್ಟಿನ ಗುರುತಿನಂತೆ ಬೇರೆ ಬೇರೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣವನ್ನೂ ಈ ಕ್ರಮದಿಂದ ಗುರುತಿಸಬಹುದು.

ಇಷ್ಟರ ಮೇಲೂ ಒಂದು ಶಂಕೆ ಉಳಿಯುತ್ತದೆ. ಸಿಕ್ಕ ಎಳೆ ಹೊಳೆಯದೋ, ಪರೀಕ್ಷೆ ಮಾಡಿದವರ ಅಂಗಿಯದೋ? ಗಾಳಿಯಲ್ಲಿಯೇ ಬಟ್ಟೆಯ ಎಳೆಗಳು ಹಾರಾಡುತ್ತಿರುತ್ತವೆ. ಆದ್ದರಿಂದ ಕೆಲಸಗಾರರು ಹತ್ತಿಯ ಮೇಲಂಗಿ ತೊಡುತ್ತಾರೆ, ಸೋಸಿದ ನೀರನ್ನೇ ಬಳಸುತ್ತಾರೆ, ಪಾತ್ರೆಗಳನ್ನು ಅಲ್ಯುಮಿನಿಯಂ ಹಾಳೆಯಿಂದ ಮುಚ್ಚುತ್ತಾರೆ. ಅದರ ಜೊತೆಗೆ ಹೂಳಿಲ್ಲದ ಒಂದು ಖಾಲಿ ಪಾತ್ರೆಯನ್ನೂ ಮೊದಲಿನಿಂದ ಕೊನೆಯವರೆಗೆ ಅದೇ ಸಂಸ್ಕಾರಗಳಿಗೆ ಒಳಪಡಿಸುತ್ತಾರೆ. ಅದರಲ್ಲಿ ಐದು ಎಳೆ ಸಿಕ್ಕರೆ, ಅವು ಮನೆಯವೇ ಹೊರತು ಹೊಳೆಯವಲ್ಲ. ಇದಕ್ಕೆ ಪ್ರತಿಯಾಗಿ ಇನ್ನೊಂದು ಪರೀಕ್ಷೆ: ಶುದ್ಧವಾದ ಮರಳಿಗೆ ಎಣಿಸಿದ ನೂರು ಕಣಗಳನ್ನು ತಾವೇ ಬೆರೆಸಿ, ಎಷ್ಟು ಮರಳಿ ಸಿಕ್ಕವೆಂದು ನೋಡುವುದು. ಮೊದಲನೆಯದು ಇಲ್ಲದ್ದನ್ನು ಇದೆಯೆನ್ನುವ ದೋಷವನ್ನು ತೋರಿಸುತ್ತದೆ; ಎರಡನೆಯದು ಇದ್ದದ್ದನ್ನು ಇಲ್ಲವೆನ್ನುವ ದೋಷವನ್ನು.

ನಮ್ಮ ಕಡೆಯ ಎರಡು ಉದಾಹರಣೆಗಳನ್ನು ನೋಡೋಣ. ಕೇರಳದ ವೇಂಬನಾಡು ಸರೋವರದ ಹೂಳಿನ ವರದಿ ೨೦೧೭ರಲ್ಲಿ ಪ್ರಕಟವಾಯಿತು. ಚದರ ಮೀಟರಿಗೆ ಸರಾಸರಿ ಸುಮಾರು ೨೫೩ ಕಣಗಳೆಂದು ಅದರಲ್ಲಿ ಹೇಳಿದೆ. ಮಣಿಪಾಲದ ಸಂಶೋಧಕರು ನಮ್ಮ ನೇತ್ರಾವತಿಯನ್ನು ಉದ್ದಕ್ಕೂ ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೂಳಿನ ಲೆಕ್ಕ ಕಿಲೋಗ್ರಾಮಿಗೆ ಸರಾಸರಿ ೯೬. ಹಾಗಾದರೆ ವೇಂಬನಾಡು ನೇತ್ರಾವತಿಗಿಂತ ಎರಡೂವರೆ ಪಾಲು ಕೆಟ್ಟಿತೆನ್ನಬಹುದೆ? ಖಂಡಿತ ಕೂಡದು. ಒಂದು ವಿಸ್ತಾರದ ಲೆಕ್ಕ, ಇನ್ನೊಂದು ತೂಕದ ಲೆಕ್ಕ. ಗಜಕ್ಕೆ ಇಷ್ಟು ಎಂಬ ಬಟ್ಟೆಯ ಬೆಲೆಯನ್ನೂ ಸೇರಿಗೆ ಇಷ್ಟು ಎಂಬ ರಾಗಿಯ ಬೆಲೆಯನ್ನೂ ಹೋಲಿಸಿದಂತಾಗುತ್ತದೆ. ಎರಡೂ ಶ್ರಮಪಟ್ಟು ಮಾಡಿದ ಕೆಲಸಗಳೇ. ಒಂದನ್ನೊಂದು ಅಳೆಯುವ ಕೋಲು ಮಾತ್ರ ಅವಲ್ಲ.

ಆದಕಾರಣ ಮುಂದೆ ಇಂಥ ಸುದ್ದಿಯನ್ನು ಓದುವಾಗ, ಅಥವಾ ರೇಡಿಯೋದಲ್ಲಿ ಕೇಳುವಾಗ, ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎಷ್ಟು ಸಣ್ಣ ಕಣದವರೆಗೆ ಎಣಿಸಿದರು? ಯಾವ ಲವಣದ ನೀರಿನಲ್ಲಿ ತೇಲಿಸಿದರು? ಖಾಲಿ ಪಾತ್ರೆಯ ಪರೀಕ್ಷೆಯನ್ನೂ ಬೆರೆಸಿದ ಕಣಗಳ ಪರೀಕ್ಷೆಯನ್ನೂ ಮಾಡಿದರೆ? ಲೆಕ್ಕ ಕಿಲೋಗ್ರಾಮಿಗೋ ಚದರ ಮೀಟರಿಗೋ? ಉತ್ತರವಿದ್ದರೆ ಆ ಸಂಖ್ಯೆಗೆ ಬೆಲೆಯುಂಟು. ಇಲ್ಲದಿದ್ದರೆ ಅದು ಕೇವಲ ಅಂಕಿ. ಮುಖ್ಯವಾಗಿ, ಪ್ಲಾಸ್ಟಿಕ್ಕು ಸಿಗಲಿಲ್ಲ ಎಂಬ ವರದಿಯನ್ನು ಕಂಡು ಒಡನೆ ಸಮಾಧಾನಪಡಬೇಡಿ. ನಿಮ್ಮ ಲೋಟದ ತಳದಲ್ಲಿ ಉಪ್ಪುನೀರಿಗೂ ಜಗ್ಗದೆ ಕುಳಿತ ಸೀಸೆಯ ಚೂರನ್ನು ನೆನೆದುಕೊಳ್ಳಿ. ತೇಲದ್ದು ಇಲ್ಲವೆಂದಲ್ಲ, ಅದನ್ನು ತೇಲಿಸುವಷ್ಟು ಗಾಢವಾದ ನೀರನ್ನು ಇನ್ನೂ ಯಾರೂ ಸುರಿದಿಲ್ಲ.